ಟೊಮೆಟೊ ದರದ ಲೆಕ್ಕ ತೋರಿಸಲು ಯಾವ ಗ್ರಾಫ್ ಹಾಕಬೇಕು?

ಬಿ.ಕಾಂ. ಪ್ರಾಜೆಕ್ಟಿಗೆ ಕೋಲಾರ ಮಾರುಕಟ್ಟೆಯ ಒಂದು ವರ್ಷದ ಟೊಮೆಟೊ ದರ ಬರೆದುಕೊಂಡಿದ್ದೀರಿ. ಬಾರ್, ಲೈನ್, ಪೈ, ಹಿಸ್ಟೋಗ್ರಾಂ ಇವುಗಳಲ್ಲಿ ಯಾವುದು ಹಾಕಲಿ ಅಂತ ಕೇಳಿದ್ದೀರಿ. ನಾನು ಇಲ್ಲೇ ಎಪಿಎಂಸಿಯ ಒಂದು ಮಂಡಿಯಲ್ಲಿ ಆರು ವರ್ಷ ಲೆಕ್ಕ ಬರೆದವನು. ನಾನು ಎಡವಿದ ಕಡೆಯಿಂದಲೇ ಶುರು ಮಾಡುತ್ತೇನೆ.

ಕಂಪ್ಯೂಟರ್ ಕಲಿತ ಹೊಸದರಲ್ಲಿ ಹನ್ನೆರಡು ತಿಂಗಳ ಸರಾಸರಿ ದರವನ್ನು ಪೈ ಚಾರ್ಟ್ ಮಾಡಿ, ಬಣ್ಣದ ಪ್ರಿಂಟ್ ತೆಗೆದು ಯಜಮಾನರ ಮುಂದಿಟ್ಟೆ. ಅವರು ಕನ್ನಡಕ ಏರಿಸಿ ನೋಡಿ, "ಏನಪ್ಪಾ, ರೇಟನ್ನ ಕಲ್ಲಂಗಡಿ ಥರ ಹೋಳು ಮಾಡಿದ್ದೀಯ?" ಅಂದರು. ಮಾತು ನಿಜ. ಜನವರಿ ದರಕ್ಕೆ ಫೆಬ್ರವರಿ ದರ ಕೂಡಿದರೆ ಏನು ಬಂತು? ಏನೂ ಇಲ್ಲ. ಕೂಡಿದರೆ ಅರ್ಥ ಬರುವ ಲೆಕ್ಕಕ್ಕೆ ಮಾತ್ರ ಪೈ. ಬಂದ ಒಟ್ಟು ಬಾಕ್ಸುಗಳಲ್ಲಿ ಮುಳಬಾಗಿಲಿನದೆಷ್ಟು, ಶ್ರೀನಿವಾಸಪುರದ್ದೆಷ್ಟು, ಚಿಂತಾಮಣಿ ಕಡೆಯದೆಷ್ಟು ಅನ್ನುವುದಕ್ಕೆ ಅದು ಸರಿ. ಶೇಕಡಾ ಲೆಕ್ಕವನ್ನು 3.6ರಿಂದ ಗುಣಿಸಿದರೆ ಡಿಗ್ರಿ ಸಿಗುತ್ತದೆ. ಐದಾರು ಹೋಳಿಗಿಂತ ಜಾಸ್ತಿ ಬೇಡ.

ದಿನದಿಂದ ದಿನಕ್ಕೆ ದರ ಹೇಗೆ ಏರಿಳಿಯಿತು ಅಂತ ತೋರಿಸಲು ಲೈನ್ ಗ್ರಾಫ್. ಇಲ್ಲಿ ಒಂದು ಎಚ್ಚರ: ಹರಾಜು ನಡೆಯದ ದಿನ ಎಕ್ಸೆಲ್‌ನಲ್ಲಿ ಸೊನ್ನೆ ಹಾಕಬೇಡಿ, ಖಾಲಿ ಬಿಡಿ. ಸೊನ್ನೆ ಹಾಕಿದರೆ ಆ ದಿನ ಟೊಮೆಟೊವನ್ನು ಪುಕ್ಕಟೆ ಕೊಟ್ಟಂತೆ ಗೆರೆ ನೆಲಕ್ಕೆ ಬೀಳುತ್ತದೆ. ನಿಮ್ಮದು 2023ರ ಲೆಕ್ಕವಾದರೆ ಇನ್ನೊಂದು ತೊಂದರೆ. ಆ ಜುಲೈನಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿತ್ತು. ಅದೊಂದು ಬೆಟ್ಟ ಎದ್ದು, ಉಳಿದ ತಿಂಗಳೆಲ್ಲ ಚಪ್ಪಟೆಯಾಗಿ ಕಾಣುತ್ತವೆ. ಆ ಎರಡು ಮೂರು ತಿಂಗಳಿಗೆ ಬೇರೆಯೇ ಗ್ರಾಫ್ ಹಾಕಿ.

ಬಾರ್ ಗ್ರಾಫ್ ಬಿಡಿಬಿಡಿ ವಸ್ತುಗಳನ್ನು ಹೋಲಿಸಲು. ವಿಲಿಯಂ ಪ್ಲೇಫೇರ್ ಎಂಬ ಸ್ಕಾಟ್ಲೆಂಡಿನವನು 1786ರಲ್ಲಿ ಆಮದು ರಫ್ತಿನ ಲೆಕ್ಕವನ್ನು ಲೈನ್ ಗ್ರಾಫಿನಲ್ಲಿ ಅಚ್ಚು ಹಾಕಿಸಿದ. ಸ್ಕಾಟ್ಲೆಂಡಿಗೆ ಮಾತ್ರ ಅವನ ಹತ್ತಿರ ಒಂದೇ ವರ್ಷದ ಲೆಕ್ಕ ಇತ್ತು. ಗೆರೆ ಎಳೆಯಲು ಆಗದೆ, ಒಂದೊಂದು ದೇಶಕ್ಕೆ ಆಮದಿಗೊಂದು, ರಫ್ತಿಗೊಂದು ಪಟ್ಟಿ ಹಾಕಿದ. ಕೈಯಲ್ಲಿರುವ ಲೆಕ್ಕವೇ ಗ್ರಾಫನ್ನು ಆರಿಸಿತು, ಅಲ್ವಾ? ಬಾರ್ ಮಾತ್ರ ಸೊನ್ನೆಯಿಂದಲೇ ಶುರುವಾಗಬೇಕು. 280ರಿಂದ ಶುರು ಮಾಡಿದರೆ 290ಕ್ಕಿಂತ 300 ಎರಡು ಪಟ್ಟು ಎತ್ತರ ಕಾಣುತ್ತದೆ. ಲೈನಿಗೆ ಈ ಕಟ್ಟುಪಾಡು ಇಲ್ಲ.

ನನ್ನ ಕೇಳಿದರೆ, ನಿಮ್ಮ ಪ್ರಾಜೆಕ್ಟಿಗೆ ಜೀವ ಬರುವುದು ಹಿಸ್ಟೋಗ್ರಾಂನಿಂದ, ಅಂದರೆ ಎಷ್ಟರಿಂದ ಎಷ್ಟು ದರದೊಳಗೆ ಎಷ್ಟು ಮಾಲು ಹೋಯಿತು ಅಂತ ತೋರಿಸುವ ಕಂಬಗಳ ಗ್ರಾಫಿನಿಂದ. ಒಂದು ದಿನ ಎಲ್ಲ ಲಾಟೂ ಬಾಕ್ಸಿಗೆ 280ರಿಂದ 320 ರೂಪಾಯಿಯೊಳಗೆ ಹೋಯಿತು ಅಂತಿಟ್ಟುಕೊಳ್ಳಿ. ಇನ್ನೊಂದು ದಿನ ಅರ್ಧ ಮಾಲು 150ರ ಆಸುಪಾಸು, ಇನ್ನರ್ಧ 450ರ ಆಸುಪಾಸು. ಎರಡೂ ದಿನದ ಸರಾಸರಿ 300. ಬೋರ್ಡಿನಲ್ಲಿ 300 ನೋಡಿ ಬಂದ ರೈತನ ಕೈಗೆ 150 ಬಿದ್ದಾಗ ಅವನು ಜಗಳಕ್ಕೆ ಬರುತ್ತಿದ್ದುದು ನನ್ನ ಮೇಜಿನ ಹತ್ತಿರ. ಸುಮ್ನೆ ಅಲ್ಲ ಅವನ ಸಿಟ್ಟು. ಸರಾಸರಿ ಮುಚ್ಚಿಟ್ಟಿದ್ದನ್ನು ಹಿಸ್ಟೋಗ್ರಾಂ ಬಿಚ್ಚಿಡುತ್ತದೆ: ಮೊದಲ ದಿನಕ್ಕೆ ಒಂದೇ ದಿಬ್ಬ, ಎರಡನೇ ದಿನಕ್ಕೆ ಎರಡು ದಿಬ್ಬ, ನಡುವೆ ಖಾಲಿ.

100-150, 150-200 ಹೀಗೆ 50 ರೂಪಾಯಿಯ ವರ್ಗ ಮಾಡಿ, ಒಂದೊಂದರಲ್ಲಿ ಎಷ್ಟು ಬಾಕ್ಸು ಹೋಯಿತು ಅಂತ ಎಣಿಸಿ. 5 ರೂಪಾಯಿಗೊಂದು ವರ್ಗ ಮಾಡಿದರೆ ಬಾಚಣಿಗೆ ಹಲ್ಲಿನ ಹಾಗೆ ಕಾಣುತ್ತದೆ, 500ಕ್ಕೊಂದು ಮಾಡಿದರೆ ಒಂದೇ ಗೋಡೆ. ಬೆಲೆ ಒಂದರ ಹಿಂದೆ ಒಂದು ಮುಂದುವರಿಯುವುದರಿಂದ ಕಂಬಗಳ ನಡುವೆ ಜಾಗ ಬಿಡಬಾರದು. ಎಕ್ಸೆಲ್‌ನ ಮಾಮೂಲಿ ಬಾರ್ ಜಾಗ ಬಿಟ್ಟೇ ಬರುತ್ತದೆ, ಅದನ್ನು ಸೊನ್ನೆಗೆ ಇಳಿಸಿ. "ಅರ್ಧ ಮಾಲು ಎಷ್ಟರೊಳಗೆ ಹೋಯ್ತು?" ಅಂತ ಗೈಡ್ ಕೇಳಿದರೆ ಓಜೀವ್ ನೆನಪು ಮಾಡಿಕೊಳ್ಳಿ, ಅಂದರೆ ಒಂದೊಂದು ದರದೊಳಗೆ ಒಟ್ಟು ಎಷ್ಟು ಮಾಲು ಹೋಯಿತು ಅಂತ ಕೂಡಿಸುತ್ತಾ ಎಳೆಯುವ ಗೆರೆ.

ಪೀಠಿಕೆಗೆ ಜಿಲ್ಲೆಯ ಜನಸಂಖ್ಯೆಯ ಗ್ರಾಫ್ ಹಾಕುತ್ತೀನಿ ಅಂದಿದ್ದೀರಲ್ಲ, ಅಲ್ಲೊಂದು ಹಳ್ಳ ಇದೆ. 2001ರ ಜನಗಣತಿಯಲ್ಲಿ ಕೋಲಾರ ಜಿಲ್ಲೆ 25 ಲಕ್ಷ ದಾಟಿತ್ತು, 2011ರಲ್ಲಿ 15,36,401. ಹಾಗೇ ಗೆರೆ ಎಳೆದರೆ ಹತ್ತು ಲಕ್ಷ ಜನ ಊರು ಬಿಟ್ಟ ಹಾಗೆ ಕಾಣುತ್ತದೆ. ನಡೆದದ್ದು ಇಷ್ಟೇ, 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಯಿತು. 2001ರ ಅಂಕಿಯಿಂದ ಆ ಜಿಲ್ಲೆಗೆ ಹೋದ ಆರು ತಾಲ್ಲೂಕಿನ ಜನಸಂಖ್ಯೆ ಕಳೆದು, ಆಮೇಲೆ ಗೆರೆ ಎಳೆಯಿರಿ.