ಕೆಂಪು ಕಾರು ಬಿಳಿಚಿಕೊಂಡದ್ದೇಕೆ?

ಉಪ್ಪಳದ ಹತ್ತಿರದ ವರ್ಕ್‌ಶಾಪಿನಲ್ಲಿ 31 ವರ್ಷ ಲಾರಿ, ಜೀಪು, ಕಾರುಗಳಿಗೆ ಬಣ್ಣ ಹೊಡೆದವನು ನಾನು. ಈಗ ಅಂಗೈ ಮೇಲೆ ನಿಲ್ಲುವ ಕಾರುಗಳಿಗೆ ಹೊಡೆಯುತ್ತೇನೆ. ಮಾದರಿ ಕಾರಿನ ಕಿಟ್ ಜೋಡಿಸುವವರ ಪ್ರಶ್ನೆಗಳಿಗೆ ಉತ್ತರ ಬರೆಯಿರಿ ಎಂದು ಸಂಪಾದಕರು ಕೇಳಿದಾಗ, ಕಾಸರಗೋಡಿನಲ್ಲಿ ಅಂಥವರು ಎಷ್ಟು ಮಂದಿ ಇದ್ದಾರು ಎಂದು ನಕ್ಕಿದ್ದೆ. ಈ ತಿಂಗಳು ಏಳು ಕಾಗದ ಬಂದಿವೆ. ಅವುಗಳಲ್ಲಿ ಮೂರು ಮಳೆಯ ಮೇಲಿನ ದೂರುಗಳೇ. ಆ ಮೂರರಲ್ಲಿ ಒಂದನ್ನು ಮಾತ್ರ ಇಲ್ಲಿ ಎತ್ತಿಕೊಂಡಿದ್ದೇನೆ.

ಪ್ರಶ್ನೆ: 1/24 ಅಳತೆಯ (ನಿಜ ಕಾರಿನ 24ರಲ್ಲಿ ಒಂದು ಪಾಲಿನ) ಕಾರಿನ ಕಿಟ್ ತರಿಸಿ, ಜುಲೈಯಲ್ಲಿ ಸ್ಪ್ರೇ ಡಬ್ಬಿಯಿಂದ ಕೆಂಪು ಲ್ಯಾಕರ್ ಹೊಡೆದೆ. ಹತ್ತು ನಿಮಿಷದಲ್ಲಿ ಬಾನೆಟ್ಟಿನ ಮೇಲೆ ಬೂದಿ ಎರಚಿದ ಹಾಗಾಯಿತು. ಡಬ್ಬಿ ನಕಲಿಯೇ?
– ಓದುಗರು, ಬದಿಯಡ್ಕ

ಉತ್ತರ: ಡಬ್ಬಿ ಅಸಲಿಯೇ ಇರಬೇಕು. ತಿಂಗಳು ತಪ್ಪಿದೆ.

ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಆಟಿಯ ಮಳೆ ಹಿಡಿದುಕೊಂಡಿತ್ತು. ಸೋಮವಾರ ಫಿಟ್‌ನೆಸ್ ಪರೀಕ್ಷೆಗೆ ಹೋಗಬೇಕಾದ ಕಪ್ಪು ಅಂಬಾಸಿಡರ್ ಒಂದು ಶನಿವಾರ ಬಂತು. ಮೇಸ್ತ್ರಿ ಊಟಕ್ಕೆ ಹೋದ ಹೊತ್ತಿನಲ್ಲಿ ಜಾಣತನ ತೋರಿಸಲು ಹೋಗಿ ನಾನೇ ಬಣ್ಣದ ಸ್ಪ್ರೇ ಗನ್ ಹಿಡಿದೆ. ಅವರು ಕೈ ಒರೆಸಿಕೊಂಡು ಬರುವಾಗ ಕಾರಿನ ಮೇಲ್ಛಾವಣಿ ತಣಿದ ಕೆಂಡದ ಬಣ್ಣಕ್ಕೆ ತಿರುಗಿತ್ತು. ಬೈಯುತ್ತಾರೆ ಎಂದುಕೊಂಡೆ. ಅವರು ಬೆರಳ ಹಿಂಬದಿಯಿಂದ ತಗಡನ್ನು ಮುಟ್ಟಿ, "ಕಾರಿಗೆ ಚಳಿ ಹಿಡಿದಿದೆ" ಎಂದರು.

ಅದು ತಮಾಷೆಯ ಮಾತಲ್ಲ, ಅಕ್ಷರಶಃ ನಿಜ. ಲ್ಯಾಕರ್ ಬಣ್ಣವನ್ನು ತೆಳುಮಾಡುವ ಥಿನ್ನರ್ ಬೇಗ ಹಾರಿಹೋಗುತ್ತದೆ. ಹಾರುವಾಗ ಮೇಲ್ಮೈಯ ಶಾಖವನ್ನು ಹೊತ್ತುಕೊಂಡೇ ಹೋಗುತ್ತದೆ. ತಂಪಾದ ಆ ಮೈಗೆ ನಮ್ಮ ಮಳೆಗಾಲದ ಒದ್ದೆ ಗಾಳಿ ತಗಲಿದರೆ, ಐಸು ಹಾಕಿದ ಲೋಟದ ಹೊರಗೆ ಬೆವರು ಕಟ್ಟಿದ ಹಾಗೆ ನೀರು ಕಟ್ಟುತ್ತದೆ. ಬಣ್ಣ ಇನ್ನೂ ಹಸಿಯಾಗಿರುವುದರಿಂದ ಆ ನೀರು ಒಳಗೇ ಸಿಕ್ಕಿಹಾಕಿಕೊಂಡು ಬೆಳ್ಳಗೆ ಮಂಜಾಗುತ್ತದೆ. ನಿಮ್ಮ ಬಾನೆಟ್ಟಿಗೂ ಆದದ್ದು ಇದೇ.

ಕಾರನ್ನು ಎಸೆಯಬೇಡಿ. ಬಿಸಿಲು ಬಿದ್ದು ಗಾಳಿ ಒಣಗಿದ ದಿನ ಅದೇ ಬಣ್ಣವನ್ನು ತೀರಾ ತೆಳ್ಳಗೆ ಇನ್ನೊಂದು ಸುತ್ತು ಹೊಡೆಯಿರಿ. ಅಡಿಯ ಪದರ ಸ್ವಲ್ಪ ಕರಗಿ, ಸಿಕ್ಕಿಕೊಂಡ ತೇವ ಹೊರಗೆ ಹೋಗುತ್ತದೆ. ಗಾಳಿಯ ಒತ್ತಡದಿಂದ ಬಣ್ಣ ಎರಚುವ ಏರ್‌ಬ್ರಷ್ ಇದ್ದವರು ನಿಧಾನವಾಗಿ ಒಣಗಿಸುವ ರಿಟಾರ್ಡರ್ ಬೆರೆಸಿದ ಥಿನ್ನರನ್ನೇ ಹಗುರವಾಗಿ ಹಾಯಿಸಬಹುದು. ನನ್ನ ಮೇಸ್ತ್ರಿ ಅಂಬಾಸಿಡರನ್ನು ಉಳಿಸಿದ್ದು ಹಾಗೆಯೇ. ಅದಕ್ಕೂ ಜಗ್ಗದಿದ್ದರೆ 2000 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ನಯವಾದ ಮರಳುಕಾಗದ) ಹಿಡಿದು ಮೃದುವಾಗಿ ಉಜ್ಜಿ ಮತ್ತೆ ಹೊಡೆಯುವುದೊಂದೇ ದಾರಿ.

ಗಾಳಿಯ ತೇವ ಅಳೆಯುವ ಪುಟ್ಟ ಮೀಟರು ಈಗ ಅಗ್ಗಕ್ಕೆ ಸಿಗುತ್ತದೆ. ಅದರಲ್ಲಿ 70 ಶೇಕಡಾ ದಾಟಿದರೆ ನಾನು ಲ್ಯಾಕರ್ ಮುಟ್ಟುವುದಿಲ್ಲ. ಮೀಟರು ಇಲ್ಲದ ಕಾಲದಲ್ಲಿ ನಮ್ಮ ಪರೀಕ್ಷೆ ಹಲಸಿನ ಹಪ್ಪಳದ್ದು: ಕರಿದು ತಟ್ಟೆಯಲ್ಲಿಟ್ಟ ಹಪ್ಪಳ ಚಹಾ ಕುಡಿದು ಮುಗಿಯುವುದರೊಳಗೆ ಮೆತ್ತಗಾದರೆ ಆ ದಿನ ಗನ್ ಗೋಡೆಯ ಮೊಳೆಯಲ್ಲೇ ಇರುತ್ತಿತ್ತು.

ಹಾಗಾದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೈಕಟ್ಟಿ ಕುಳಿತುಕೊಳ್ಳಬೇಕೇ ಎಂದು ಮಂಜೇಶ್ವರದಿಂದ ಒಬ್ಬರು ಸಿಟ್ಟಿನಲ್ಲೇ ಬರೆದಿದ್ದಾರೆ. ಸ್ವಾಮಿ, ಕಿಟ್ಟಿನಲ್ಲಿ ಬಣ್ಣ ಕಾಲು ಭಾಗದ ಕೆಲಸ. ಭಾಗಗಳನ್ನು ಚೌಕಟ್ಟಿನಿಂದ ನಿಪ್ಪರಿನಲ್ಲಿ ಬಿಡಿಸುವುದು, ಅಚ್ಚಿನ ಎರಡು ಹೋಳು ಕೂಡಿದಲ್ಲಿ ಎದ್ದ ಗೆರೆಯನ್ನು ಉಜ್ಜಿ ತೆಗೆಯುವುದು, ಸಂದುಗಳಿಗೆ ಪುಟ್ಟಿ ತುಂಬುವುದು, ಗೋಂದು ಹಾಕದೆ ಒಮ್ಮೆ ಇಡೀ ಕಾರನ್ನು ಜೋಡಿಸಿ ನೋಡುವುದು, ಇವೆಲ್ಲ ಮಳೆಗಾಲದ ಕೆಲಸಗಳು. ಇಂಜಿನ್, ಸೀಟುಗಳಿಗೆ ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣವನ್ನು ಕುಂಚದಿಂದ ಹಚ್ಚಬಹುದು. ಒಣಗಲು ತಡವಾದೀತು, ಆದರೆ ಹೀಗೆ ಬಿಳಿಚುವುದಿಲ್ಲ. ನಾನು ಕಾರಿನ ಹೊರಮೈಗೆ ಬಣ್ಣ ಹೊಡೆಯುವುದು ದೀಪಾವಳಿ ಕಳೆದ ಮೇಲೆ.

ಒಂದು ಎಚ್ಚರಿಕೆ. ಬೇಗ ಒಣಗಲಿ ಎಂದು ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟವರೊಬ್ಬರು ಕಾರಿನ ಫೋಟೋ ಕಳುಹಿಸಿದ್ದಾರೆ. ಮೇಲ್ಛಾವಣಿ ಎಮ್ಮೆ ಕುಳಿತೆದ್ದ ಗದ್ದೆಯ ಹಾಗಿದೆ. ಕಿಟ್ಟಿನ ಪಾಲಿಸ್ಟೈರಿನ್ ಪ್ಲಾಸ್ಟಿಕ್ 100 ಡಿಗ್ರಿ ತಲಪುವ ಮೊದಲೇ ಮೆತ್ತಗಾಗುತ್ತದೆ. ಅದಕ್ಕಿಂತ ದೊಡ್ಡ ಅಪಾಯ, ಹಸಿ ಬಣ್ಣದ ಆವಿಗೆ ಬೆಂಕಿ ಹಿಡಿಯುತ್ತದೆ. ಒಲೆಯ ಸಹವಾಸ ಬೇಡವೇ ಬೇಡ.

ಪ್ರಶ್ನೆ: ಜಪಾನಿನ ಕಿಟ್‌ಗಳು 1/24, ಅಮೆರಿಕದವು ಹೆಚ್ಚಾಗಿ 1/25. ಒಂದರ ಚಕ್ರವನ್ನು ಇನ್ನೊಂದಕ್ಕೆ ಹಾಕಬಹುದೇ?
– ವಿದ್ಯಾರ್ಥಿ, ಮಂಜೇಶ್ವರ

ಉತ್ತರ: 1/24 ಎಂದರೆ ಒಂದು ಅಡಿಗೆ ಅರ್ಧ ಇಂಚು, ಅಡಿಕೋಲಿನ ಲೆಕ್ಕ. ವ್ಯತ್ಯಾಸ ಎಷ್ಟೆಂದು ನೀವೇ ಗುಣಿಸಿ ನೋಡಿ. ಅಂಬಾಸಿಡರಿನ ಉದ್ದ ಸುಮಾರು 4.3 ಮೀಟರ್. 1/24ರಲ್ಲಿ ಅದು ಹೆಚ್ಚುಕಡಿಮೆ 18 ಸೆಂಟಿಮೀಟರ್ ಆಗುತ್ತದೆ, 1/25ರಲ್ಲಿ 17ಕ್ಕಿಂತ ತುಸು ಹೆಚ್ಚು. ಇಡೀ ಕಾರಿಗೇ ಏಳು ಮಿಲಿಮೀಟರಿನ ಅಂತರ. ಚಕ್ರದಲ್ಲಿ ಹೆಚ್ಚುಕಡಿಮೆ ಒಂದು ಮಿಲಿಮೀಟರ್, ಅಷ್ಟೇ. ಕಣ್ಣಿಗೆ ಗೊತ್ತಾಗುವುದಿಲ್ಲ, ಆಕ್ಸಲ್ಲಿನ ತೂತಿಗೆ ಗೊತ್ತಾಗುತ್ತದೆ. ಕೊರೆದು ಸರಿಪಡಿಸುವ ತಾಳ್ಮೆ ಇದ್ದರೆ ಹಾಕಿ.

ಪ್ರಶ್ನೆ: ಗಾಜು ಅಂಟಿಸಲು ಸೂಪರ್ ಗ್ಲೂ ಹಾಕಿದೆ. ಮರುದಿನ ಗಾಜಿನ ಮೇಲೆ ಬಿಳಿ ಹೊಗೆ ಕೂತಿತ್ತು, ಅದರಲ್ಲಿ ನನ್ನ ಹೆಬ್ಬೆಟ್ಟಿನ ಗುರುತೂ ಕಾಣುತ್ತದೆ. ಏನು ಮಾಡಲಿ ಮಾಮ?
– ಒಂಬತ್ತನೆಯ ತರಗತಿಯ ಹುಡುಗ, ಮುಳ್ಳೇರಿಯ

ಉತ್ತರ: ನೀನು ತಿಳಿಯದೆಯೇ ಪೊಲೀಸರ ವಿದ್ಯೆ ಮಾಡಿದ್ದೀ. ಸೂಪರ್ ಗ್ಲೂವಿನ ಆವಿ ಬೆರಳಿನ ಗುರುತಿನ ಮೇಲೆ ಬೆಳ್ಳಗೆ ಕೂರುತ್ತದೆ. ಕಳ್ಳರ ಬೆರಳಚ್ಚು ಎಬ್ಬಿಸಲು ಅದನ್ನೇ ಬಳಸುತ್ತಾರೆ. ಈಗ ಗಾಜಿನ ಮೇಲೆ ಬಿಳಿ ಟೂತ್‌ಪೇಸ್ಟ್ ಒಂದು ಚುಕ್ಕೆ ಹಾಕಿ, ಹತ್ತಿಬಟ್ಟೆಯಿಂದ ವೃತ್ತಾಕಾರದಲ್ಲಿ ಮೆಲ್ಲನೆ ಉಜ್ಜು. ಒತ್ತಿದರೆ ಗಾಜೇ ಕಿತ್ತು ಬರುತ್ತದೆ. ಮುಂದಿನ ಸಲ ಗಾಜಿಗೆ ಮರಗೆಲಸದ ಬಿಳಿ ಅಂಟನ್ನೇ ಹಾಕು. ಹಿಡಿಸೂಡಿಯ ಕಡ್ಡಿಯ ತುದಿಯಲ್ಲಿ ಅದ್ದಿ ಅಂಚಿಗೆ ಎಳೆದರೆ ಸಾಕು, ಒಣಗಿದ ಮೇಲೆ ಕಾಣಿಸುವುದೇ ಇಲ್ಲ. ಕಿಟ್ಟಿನ ತೆಳು ಸಿಮೆಂಟನ್ನೂ ಗಾಜಿನ ಹತ್ತಿರ ತರಬೇಡ. ಅದು ಅಂಟಲ್ಲ, ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುವ ದ್ರಾವಣ; ಕಿಟ್ಟಿನ ಗಾಜೂ ಪ್ಲಾಸ್ಟಿಕ್ಕೇ. ಅದನ್ನು ಬಳಸುವಾಗ ಕಿಟಕಿ ತೆರೆದಿರಲಿ.

ಪ್ರಶ್ನೆ: ಐವತ್ತು ದಾಟಿದ ಗಂಡಸು ಆಟದ ಕಾರು ಹಿಡಿದು ಕೂರುತ್ತಾನೆ ಎಂದು ಮನೆಯಲ್ಲಿ ನಗುತ್ತಾರೆ.
– ನೊಂದವರು, ಕುಂಬಳೆ

ಉತ್ತರ: ನಮ್ಮ ಮನೆಯಲ್ಲೂ ನಗುತ್ತಾರೆ. ಉಳಿದ ಪುಟ್ಟಿ ಹಾಕಿ ಮಿಕ್ಸಿಯ ಮುರಿದ ಮುಚ್ಚಳ ಸರಿಮಾಡಿ ಕೊಟ್ಟ ಮೇಲೆ ಸ್ವಲ್ಪ ಕಡಿಮೆಯಾಗಿದೆ.

ಪ್ರಶ್ನೆ: ನನ್ನ ತಂದೆ ದೇಲಂಪಾಡಿ ಕಡೆ ಇಪ್ಪತ್ತು ವರ್ಷ ಜನರನ್ನು ಒಯ್ಯುವ ಸರ್ವಿಸ್ ಜೀಪು ಓಡಿಸಿದವರು. ಜೀಪು ಮಾರಿ ಹೋಗಿದೆ, ಎರಡು ಫೋಟೋಗಳಿವೆ. ಅದರ ಮಾದರಿ ಮಾಡಿ ಅವರಿಗೆ ಕೊಡಬೇಕೆಂದಿದ್ದೇನೆ. ಮಹೀಂದ್ರ ಜೀಪಿನ ಕಿಟ್ ಎಲ್ಲೂ ಸಿಗಲಿಲ್ಲ.
– ಶಿಕ್ಷಕಿ, ಅಡೂರು

ಉತ್ತರ: ತಂಗೀ, ಈ ಕಾಗದವನ್ನು ನಾನು ಎರಡು ಸಲ ಓದಿದೆ. ಆ ದಾರಿಯ ಜೀಪುಗಳಿಗೆ ನಾನೂ ಬಣ್ಣ ಹೊಡೆದಿದ್ದೇನೆ. ಒಳಗೆ ಎಷ್ಟು ಮಂದಿಯೋ ಹೊರಗೆ ಅಷ್ಟೇ ಮಂದಿ ನೇತಾಡುತ್ತಿದ್ದುದರಿಂದ ಹಿಂದಿನ ಮೆಟ್ಟಿಲಿನಲ್ಲಿ ಬಣ್ಣ ಒಂದು ತಿಂಗಳೂ ನಿಲ್ಲುತ್ತಿರಲಿಲ್ಲ.

ಮಹೀಂದ್ರ ಜೀಪಿನ ಮೂಲ ಅಮೆರಿಕದ ವಿಲ್ಲೀಸ್. ಎರಡನೆಯ ಮಹಾಯುದ್ಧದ ಕಾಲದ ವಿಲ್ಲೀಸ್ ಎಂಬಿ ಜೀಪನ್ನು ಜಪಾನಿನ ತಮಿಯಾ ಕಂಪನಿ 1/35 ಅಳತೆಯಲ್ಲಿ ಮಾಡಿದೆ, ಅಲ್ಲಿಂದ ಹೊರಡಬಹುದು. ಆದರೆ ಮೊದಲು ಫೋಟೋದಲ್ಲಿ ಮುಂದಿನ ಜಾಲರಿಯ ಸೀಳುಗಳನ್ನು ಎಣಿಸಿ. ಯುದ್ಧದ ಜೀಪಿಗೆ ಒಂಬತ್ತು ಸೀಳು, ದೀಪಗಳು ಜಾಲರಿಯ ಒಳಗೆ ಹುದುಗಿರುತ್ತವೆ. ಯುದ್ಧ ಮುಗಿದ ಮೇಲೆ ಜನಸಾಮಾನ್ಯರಿಗಾಗಿ ಬಂದ ಸಿಜೆ ಜೀಪುಗಳಿಗೆ ಏಳು ಸೀಳು, ದೀಪಗಳು ದೊಡ್ಡವು, ಹೊರಗೆ ಉಬ್ಬಿರುತ್ತವೆ. ನಿಮ್ಮ ತಂದೆ ಸೀಳು ಎಣಿಸಿರಲಿಕ್ಕಿಲ್ಲ, ಆದರೆ ಮುಖ ಬೇರೆಯಾದರೆ ಅವರಿಗೆ ಒಂದೇ ನೋಟದಲ್ಲಿ ತಿಳಿಯುತ್ತದೆ. ಆದ್ದರಿಂದ ಜಾಲರಿಯನ್ನು ಒಂದು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆಯಲ್ಲಿ ಹೊಸದಾಗಿಯೇ ಕತ್ತರಿಸಿ.

ಆಮೇಲೆ ಉದ್ದ. ಹಳೆಯ ವಿಲ್ಲೀಸ್‌ನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 80 ಇಂಚು, ಅಂದರೆ 2032 ಮಿಲಿಮೀಟರ್. 35ರಿಂದ ಭಾಗಿಸಿದರೆ 58. ನಿಮ್ಮದು 91 ಇಂಚಿನ ಉದ್ದದ ಜೀಪಾಗಿದ್ದರೆ 66 ಬೇಕು. ಬಾಗಿಲ ಸಂದಿನ ಹಿಂದೆ ಬಾಡಿಯನ್ನೂ ಚಾಸಿಯನ್ನೂ ಕೊಯ್ದು ಎಂಟು ಮಿಲಿಮೀಟರಿನ ತುಂಡು ಸೇರಿಸಿ. ಕೊಯ್ಯಲು ಕೈ ನಡುಗುತ್ತದೆ, ನನಗೂ ನಡುಗುತ್ತದೆ.

ಟರ್ಪಾಲಿಗೆ ತೆಳು ಟಿಶ್ಯೂ ಕಾಗದವನ್ನು ನೀರು ಬೆರೆಸಿದ ಬಿಳಿ ಅಂಟಿನಲ್ಲಿ ಅದ್ದಿ ಕಮಾನಿನ ಮೇಲೆ ಹೊದೆಸಿ, ಎರಡು ಕಮಾನುಗಳ ನಡುವೆ ಸ್ವಲ್ಪ ಜೋಲು ಬಿಡಿ. ಮಳೆನೀರು ನಿಂತು ನಿಂತು ಎಲ್ಲ ಸರ್ವಿಸ್ ಜೀಪುಗಳ ಟರ್ಪಾಲೂ ಅಲ್ಲಿ ಜೋಲಿರುತ್ತಿತ್ತು. ಕೆಸರಿಗೆ ನಮ್ಮ ಕೆಂಪು ಮುರಕಲ್ಲಿನ ಮಣ್ಣನ್ನೇ ಹಾಕುವ ಆಸೆ ನಿಮಗೆ ಹುಟ್ಟುತ್ತದೆ, ಹಾಕಿ. ಆದರೆ ಒಣಗಿಸಿ, ಮೂರು ಮಡಿಕೆಯ ಪಂಚೆ ಬಟ್ಟೆಯಲ್ಲಿ ಸೋಸಿ, ಬಟ್ಟೆಯಿಂದ ಹೊಗೆಯ ಹಾಗೆ ಉದುರಿದ ಹುಡಿಯನ್ನು ಮಾತ್ರ ತೆಗೆದುಕೊಳ್ಳಿ. ಅರ್ಧ ಮಿಲಿಮೀಟರಿನ ಒಂದು ಕಣ ಉಳಿದರೂ 1/35ರಲ್ಲಿ ಅದು ನೆಲ್ಲಿಕಾಯಿ ಗಾತ್ರದ ಕಲ್ಲಾಗಿ ಕಾಣುತ್ತದೆ. ಹಿಂದಿನ ಮೆಟ್ಟಿಲಿನಲ್ಲಿ ಬಣ್ಣ ಪೂರ್ತಿ ಬೇಡ, ಅಂಚಿಗೆ ಪೆನ್ಸಿಲಿನ ಸೀಸ ಉಜ್ಜಿದರೆ ಸವೆದ ಕಬ್ಬಿಣದ ಹೊಳಪು ಬರುತ್ತದೆ.

ಎರಡೂ ಫೋಟೋಗಳ ಪ್ರತಿ ನನಗೆ ಕಳುಹಿಸಿ. ಮುಂದಿನ ಗಾಜಿನ ಮೇಲೆ ಯಾವ ದೇವರ ಹೆಸರು ಬರೆಸಿದ್ದರು, ಅಕ್ಷರ ಹಳದಿಯೋ ಬಿಳಿಯೋ ಎಂದು ತಂದೆಯವರ ಹತ್ತಿರ ಹೇಗಾದರೂ ಮಾತಿನ ನಡುವೆ ಕೇಳಿ ತಿಳಿದುಕೊಳ್ಳಿ. ಕಪ್ಪುಬಿಳುಪು ಫೋಟೋದಲ್ಲಿ ಅದು ಗೊತ್ತಾಗುವುದಿಲ್ಲ.