ಕಲೆಕ್ಷನ್‌ನಲ್ಲಿ ಇರಲೇಬೇಕಾದ ಒಂದೇ ಒಂದು ಮಡಚುವ ಚಾಕು ಯಾವುದು?

ನಾಲ್ಕೈದು ಸಾಧಾರಣ ಚಾಕು ಈಗಾಗಲೇ ಇವೆ, ಕೈಯಲ್ಲಿ ಹತ್ತು ಸಾವಿರ ಇದೆ, "ಇದಿಲ್ಲದಿದ್ದರೆ ಕಲೆಕ್ಷನ್ನೇ ಅಲ್ಲ" ಅನ್ನುವಂಥದ್ದು ಒಂದು ಬೇಕು, ಉಕ್ಕು ಮಾತ್ರ ಎಸ್30ವಿ ಅನ್ನುವ ಅಮೆರಿಕದ ಉಕ್ಕಿಗಿಂತ ಕಡಿಮೆ ದರ್ಜೆಯದ್ದು ಇರಬಾರದು ಅಂತ ಕೇಳಿದ್ದೀರಿ. ಆ ಕೊನೆಯ ಷರತ್ತು ಓದಿ ನಗು ಬಂತು. ಬೇಜಾರು ಮಾಡ್ಕೋಬೇಡಿ. ನಾನೂ ಥೇಟ್ ಇದೇ ಷರತ್ತು ಹಿಡಿದುಕೊಂಡು ಓಡಾಡಿದವನು.

ನನ್ನದು ಮಂಡ್ಯ. ನಮ್ಮ ಕಡೆ ಮನೆಯಲ್ಲಿ ಈಳಿಗೆಮಣೆ, ಗದ್ದೆಯಲ್ಲಿ ಕುಡುಗೋಲು, ಕಬ್ಬಿಗೆ ಮಚ್ಚು. ಅಲ್ಲಿಗೆ ಮುಗೀತು. ಜೇಬಿನಲ್ಲಿ ಮಡಚುವ ಚಾಕು ಇಟ್ಟುಕೊಂಡವನನ್ನು ಜನ ಸ್ವಲ್ಪ ಅನುಮಾನದಿಂದಲೇ ನೋಡುತ್ತಾರೆ. ಸಿನಿಮಾದ ರೌಡಿಗಳ ರಾಂಪುರಿ ಚಾಕು ನೆನಪಾಗುತ್ತೋ ಏನೋ. ಆದರೂ ನನಗೆ ಹುಚ್ಚು ಹತ್ತಿತು. ಯಾವ ಉಕ್ಕಿನಲ್ಲಿ ಎಷ್ಟು ಇಂಗಾಲ, ಯಾವ ಲಾಕು ಎಷ್ಟು ಭದ್ರ, ಎಲ್ಲ ಬಾಯಿಪಾಠ. ಒಂದು ಚಾಕುವನ್ನು ನೆಟ್ಟಗೆ ಮಸೆಯೋಕೆ ಮಾತ್ರ ಬರುತ್ತಿರಲಿಲ್ಲ.

ಆಗ ತರಿಸಿದ್ದು ಎಸ್30ವಿ ಅಲಗಿನ ಚಾಕು. ಅಮೆರಿಕದಲ್ಲಿರುವ ಅಕ್ಕನ ಮಗ ಊರಿಗೆ ಬರುವಾಗ ಚೆಕ್-ಇನ್ ಲಗೇಜಿನಲ್ಲಿ ಹಾಕಿಕೊಂಡು ಬಂದ. ಅದರ ರೇಟು ಮನೆಯಲ್ಲಿ ಇವತ್ತಿಗೂ ಹೇಳಿಲ್ಲ. ಪೇಪರ್ ಹಿಡಿದು ಕೊಯ್ದರೆ ಸದ್ದಿಲ್ಲದೆ ಎರಡಾಗುತ್ತಿತ್ತು. ಕಬ್ಬಿನ ಜಲ್ಲೆ ಸಿಗಿದೆ, ರಟ್ಟಿನ ಡಬ್ಬ ಕೊಯ್ದೆ, ಮಾವಿನಕಾಯಿ ಹೆಚ್ಚಿದೆ. ಬಾಯಿ, ಅಂದರೆ ಕೊಯ್ಯುವ ಅಂಚು, ಮೊಂಡಾಗಲೇ ಇಲ್ಲ. ಆ ಉಕ್ಕಿನ ದೊಡ್ಡಸ್ತಿಕೆಯೇ ಅದು. 2001ರಲ್ಲಿ ಅಮೆರಿಕದ ಕ್ರೂಸಿಬಲ್ ಕಂಪನಿ ಚಾಕುಗಳಿಗೆಂದೇ ಮಾಡಿದ ಉಕ್ಕು. ಅದರಲ್ಲಿ ಶೇ. 4ರಷ್ಟು ವೆನೇಡಿಯಂ ಅನ್ನುವ ಲೋಹ ಇದೆ. ಅದು ಇಂಗಾಲದ ಜೊತೆ ಸೇರಿ ಕಾರ್ಬೈಡ್ ಅನ್ನುವ ಸಣ್ಣ ಸಣ್ಣ ಗಟ್ಟಿ ಕಣಗಳಾಗಿ ಉಕ್ಕಿನ ತುಂಬ ಹರಡಿಕೊಂಡಿರುತ್ತದೆ. ಹಾಗಾಗಿ ಸವೆಯೋದು ನಿಧಾನ.

ಸುಲಭಕ್ಕೆ ಸವೆಯದ್ದು ಮಸೆಯೋಕೂ ಸುಲಭಕ್ಕೆ ಬಗ್ಗಲ್ಲ, ಅಲ್ವಾ? ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೊಳೆಯಲಿಲ್ಲ. ಆ ವೆನೇಡಿಯಂ ಕಾರ್ಬೈಡ್, ಮಾಮೂಲಿ ಕಲ್ಲಿನಲ್ಲಿರುವ ಅಲ್ಯೂಮಿನಿಯಂ ಆಕ್ಸೈಡಿಗಿಂತ ಗಟ್ಟಿ. ಕೊನೆಗೊಂದು ದಿನ ಬಾಯಿ ಮೊಂಡಾಯಿತು. ಅಡುಗೆಮನೆಯ ಕಲ್ಲಿನ ಮೇಲೆ ಉಜ್ಜಿದೆ, ಉಜ್ಜಿದೆ, ಬರೀ ಗೀರು ಬಿತ್ತು. ಆ ಕಲ್ಲಿನಲ್ಲಿ ಆಗೋದೇ ಇಲ್ಲ ಅಂತಲ್ಲ. ಕೈ ಕುದುರಿದವರಿಗೆ ನಿಧಾನವಾಗಿಯಾದರೂ ಆಗುತ್ತೆ. ಡೈಮಂಡ್ ಪ್ಲೇಟ್, ಅಂದರೆ ವಜ್ರದ ಪುಡಿ ಕೂರಿಸಿದ ಮಸೆಯುವ ತಗಡು, ಇದ್ದರೆ ಬೇಗ ಆಗುತ್ತೆ. ನನ್ನ ಹತ್ತಿರ ಕೈಯೂ ಇರಲಿಲ್ಲ, ಪ್ಲೇಟೂ ಇರಲಿಲ್ಲ.

ಇನ್ನು ನಾನು ಮಾಡಿದ ಘನಂದಾರಿ ಕೆಲಸ. ಮೈಸೂರಿಗೆ ಹೋಗಿದ್ದಾಗ ದೇವರಾಜ ಮಾರ್ಕೆಟ್ ಹತ್ತಿರ ಮೋಟರ್ ಚಕ್ರದಲ್ಲಿ ಸಾಣೆ ಹಿಡಿಯುವವರೊಬ್ಬರ ಕೈಗೆ ಅದನ್ನು ಕೊಟ್ಟೆ. ಅವರು ಬಿಡಿಸಿ, ಉಗುರಿನಲ್ಲಿ ಬಾಯಿ ಸವರಿ, "ಇದ್ಯಾವ ಕಬ್ಬಿಣ ಸಾರ್?" ಅಂತ ಕೇಳಿದರು. ಅಲ್ಲೇ ಎಚ್ಚರ ಆಗಬೇಕಿತ್ತು ನನಗೆ. ಆಗಲಿಲ್ಲ. ವೆನೇಡಿಯಂ ಬಗ್ಗೆ ಭಾಷಣ ಬಿಗಿದೆ. ಅವರು ಪಾಪ ತಲೆಯಾಡಿಸಿ ಚಕ್ರ ಶುರು ಮಾಡಿದರು. ಕಿಡಿ ಹಾರೋದನ್ನು ನಾನು ಖುಷಿಯಾಗಿ ಮೊಬೈಲಿನಲ್ಲಿ ವಿಡಿಯೋ ಬೇರೆ ಮಾಡಿಕೊಂಡೆ.

ವಾಪಸ್ ಕೊಟ್ಟಾಗ ಮುಂಗೈ ಕೂದಲು ಹಾರಿಹೋಗುವಷ್ಟು ಹರಿತ. ಆದರೆ ಮೊನೆಯ ಹತ್ತಿರ, ಬಾಯಿಗುಂಟ, ಒಂದು ಸಣ್ಣ ಪಟ್ಟಿ ಬಣ್ಣ ತಿರುಗಿತ್ತು. ಹೊರಗಡೆ ಒಣಹುಲ್ಲಿನ ಹಳದಿ, ಆಮೇಲೆ ಕಂದು, ಅಂಚಿನಲ್ಲಿ ನವಿಲುಗತ್ತಿನಂಥ ನೀಲಿ. ನೋಡೋಕೆ ಚೆನ್ನಾಗೇ ಇತ್ತು. ಅದು ಏನಂತ ನನಗೆ ಗೊತ್ತಿರಲಿಲ್ಲ.

ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ನಿಮ್ಮ ದುಡ್ಡು ಹಾಳಾಗೋದು ಇಲ್ಲೇ. ಚಾಕುವಿನ ಉಕ್ಕಿಗೆ ಗಟ್ಟಿತನ ಸುಮ್ನೆ ಬರಲ್ಲ. ಮೊದಲು ಕೆಂಪಗೆ ಕಾಯಿಸಿ ಥಟ್ಟನೆ ತಣಿಸುತ್ತಾರೆ. ಆಗ ಗಾಜಿನ ಹಾಗೆ ಪೆಡಸಾಗುತ್ತದೆ. ಆ ಪೆಡಸು ತೆಗೆಯೋಕೆ ಮತ್ತೆ ಕಡಿಮೆ ಬಿಸಿಯಲ್ಲಿ, ಲೆಕ್ಕ ಹಾಕಿದ ಹಾಗೆ ಕಾಯಿಸುತ್ತಾರೆ. ಇಂಗ್ಲಿಷಿನಲ್ಲಿ ಟೆಂಪರ್ ಅನ್ನೋದು ಇದಕ್ಕೇ. ಅಲಗು ಆಮೇಲೆ ಯಾವತ್ತಾದರೂ ಆ ಲೆಕ್ಕ ಮೀರಿ ಕಾದರೆ, ಕಾದ ಜಾಗ ಮೆತ್ತಗಾಗುತ್ತದೆ. ಒಣ ಚಕ್ರಕ್ಕೆ ಒತ್ತಿ ಹಿಡಿದಾಗ ಅದೇ ಆಗೋದು. ಅದರಲ್ಲೂ ಬಾಯಿ ತೆಳ್ಳಗಿರುತ್ತದೆ, ಬಿಸಿ ಹಂಚಿಕೊಳ್ಳೋಕೆ ಪಕ್ಕದಲ್ಲಿ ಲೋಹವೇ ಇರಲ್ಲ. ಹಿಡಿ ಹಿಡಿದ ಕೈಗೆ ಬೆಚ್ಚಗೂ ಅನ್ನಿಸಿರಲ್ಲ, ಅಷ್ಟರಲ್ಲಿ ಅಂಚು ಸುಟ್ಟಿರುತ್ತದೆ. ಬಣ್ಣ ತಿರುಗೋದು ಅದರ ಗುರುತು. ಸಾದಾ ಕಾರ್ಬನ್ ಉಕ್ಕು ನೀಲಿಗೆ ತಿರುಗೋದು ಸುಮಾರು 300 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕ್ರೋಮಿಯಂ ಇರುವ ಸ್ಟೇನ್‌ಲೆಸ್ ಉಕ್ಕು ನೀಲಿಯಾಗಬೇಕಾದರೆ ಅದಕ್ಕಿಂತ ತುಂಬಾ ಜಾಸ್ತಿ ಕಾಯಬೇಕು. ನನ್ನದು ಸ್ಟೇನ್‌ಲೆಸ್. ಎಷ್ಟು ಕಾದಿರಬೇಕು ನೀವೇ ಯೋಚನೆ ಮಾಡಿ.

ಆಮೇಲೆ ನೀರಿಗೆ ಅದ್ದಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಹೋದ ಗಟ್ಟಿತನ ಬರಲ್ಲ. ಮತ್ತೆ ಹದ ಮಾಡಿಸೋಣ ಅಂದರೆ ಆ ಉಕ್ಕನ್ನು ಸಾವಿರ ಡಿಗ್ರಿ ದಾಟಿಸಿ, ಅಳತೆ ತಪ್ಪದ ಹಾಗೆ ಕಾಯಿಸುವ ಫರ್ನೇಸ್ ಬೇಕು. ನಮ್ಮೂರ ಕುಲುಮೆಯಲ್ಲಿ ಆಗೋ ಮಾತಲ್ಲ. ಉಳಿದ ದಾರಿ ಒಂದೇ, ಸುಟ್ಟ ಅಂಚನ್ನು ತಣ್ಣಗೆ ಉಜ್ಜಿ ಉಜ್ಜಿ ತೆಗೆದುಹಾಕೋದು. ಅಲಗು ಅಷ್ಟೂ ಸಣ್ಣಗಾಗುತ್ತೆ. ಎರಡು ದಿನ ಟೊಮೇಟೊ ಹೆಚ್ಚಿದ್ದಕ್ಕೇ ಅದರ ಮೊನೆಯ ಹತ್ತಿರ ಬಾಯಿ ಮಡಚಿಕೊಂಡಿತು. ಸಾಣೆಯವರನ್ನು ನಾನು ಬೈಯಲ್ಲ. ಮಚ್ಚು, ಕತ್ತರಿ ಹಿಡಿದು ಹೊಟ್ಟೆ ಹೊರೆಯೋರು. ಏನೂ ಗೊತ್ತಿಲ್ಲದೆ ಎಲ್ಲ ಗೊತ್ತಿದ್ದವನ ಹಾಗೆ ಕೊಟ್ಟವನು ನಾನು.

ಊರಲ್ಲಿ ಚಿಕ್ಕಪ್ಪನಿಗೆ ತೋರಿಸಿದೆ. ಕುಡುಗೋಲು ಬಿಟ್ಟು ಬೇರೆ ಅಲಗು ಮುಟ್ಟದ ಮನುಷ್ಯ. ಬಿಸಿಲಿಗೆ ಹಿಡಿದು ಒಂದೇ ಸಲ ನೋಡಿ, "ಸುಟ್ಟಾಕವ್ರೆ ಕಣ್ಲಾ ಇದ್ನ. ನಿಂಗೇನ್ ಮಸಿಯಕ್ ಬರಕಿಲ್ವಾ?" ಅಂದರು. ಬರಲ್ಲ ಅಂದೆ. "ಮತ್ಯಾಕ್ ತಗಂಡೆ?" ಅಂದರು. ನನ್ನ ಬಳಿ ಉತ್ತರ ಇರಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಕಲೆಕ್ಷನ್‌ಗೆ ಕಿರೀಟ ಹುಡುಕುತ್ತಿದ್ದೀರಿ. ನಿಮಗೆ ಬೇಕಿರೋದು ನಿಮ್ಮ ಕೈಯಲ್ಲೇ ಹರಿತ ಆಗುವ ಚಾಕು. ನನ್ನ ಉತ್ತರ: ಒಪಿನೆಲ್ ನಂಬರ್ 8, ಕಾರ್ಬನ್ ಉಕ್ಕಿನದ್ದು. ನಿಮ್ಮ ಹತ್ತು ಸಾವಿರದಲ್ಲಿ ಬಹುಪಾಲು ಮಿಕ್ಕುತ್ತೆ. ಹೆಸರಿನಲ್ಲಿ ಇನಾಕ್ಸ್ ಅಂತಿದ್ದರೆ ಅದು ಸ್ಟೇನ್‌ಲೆಸ್. ಅದೂ ಒಳ್ಳೆಯದೇ, ಆದರೆ ಕಲಿಯೋಕೆ ಕಾರ್ಬನ್ನೇ ವಾಸಿ.

ಫ್ರಾನ್ಸಿನ ಸವೋಯ್ ಪ್ರಾಂತ್ಯದಲ್ಲಿ 1890ರಲ್ಲಿ ಜೋಸೆಫ್ ಒಪಿನೆಲ್ ಅನ್ನುವ ಹುಡುಗ ಮಾಡಿದ ಚಾಕು ಇದು. ಆಗ ಅವನಿಗೆ 18 ವರ್ಷ. ರೈತರು ಜೇಬಿನಲ್ಲಿಟ್ಟುಕೊಳ್ಳುವ ಸಾಮಾನು. ನಂಬರ್ 8ರ ಅಲಗು ಎಂಟೂವರೆ ಸೆಂಟಿಮೀಟರ್. ಬೀಚ್ ಮರದ ಹಿಡಿ, ಅಲಗು, ಒಂದು ಪಿನ್ನು, ಎರಡು ಉಂಗುರ. ಇಷ್ಟೇ ಚಾಕು. ಮೇಲಿನ ಉಂಗುರ ತಿರುಗಿಸಿದರೆ ಲಾಕ್. ಅದು ಸೇರಿದ್ದು 1955ರಲ್ಲಿ. ಆ ಉಕ್ಕಿನಲ್ಲಿ ವೆನೇಡಿಯಂ ಗಿನೇಡಿಯಂ ಕಾಟ ಇಲ್ಲ. ಮಾಮೂಲಿ ಕಲ್ಲಿಗೆ ನೀರು ಹಾಕಿ ಮಸೆದರೆ ಸಾಕು. ಸ್ವಲ್ಪ ಹೊತ್ತಿಗೇ ಬಾಯಿಯ ಇನ್ನೊಂದು ಮಗ್ಗುಲಲ್ಲಿ ಸಣ್ಣ ತರಿ ಬೆರಳಿಗೆ ಸಿಗುತ್ತೆ. ಸಿಕ್ಕಿತು ಅಂದರೆ ಬಾಯಿಯ ತುದಿಯವರೆಗೂ ಮಸೆದಿದ್ದೀರಿ ಅಂತ ಅರ್ಥ. ಆಗ ಮಗ್ಗುಲು ಬದಲಾಯಿಸಿ. ಕೋನ ಸರಿಯಿದೆಯೋ ಇಲ್ಲವೋ ಗೊತ್ತಾಗದಿದ್ದರೆ ಬಾಯಿಗೆ ಮಾರ್ಕರ್ ಪೆನ್ನಿನ ಕಪ್ಪು ಬಳಿದು ಮಸೆಯಿರಿ. ಎಲ್ಲಿ ಕಪ್ಪು ಹೋಯಿತೋ ಅಲ್ಲಿ ಕಲ್ಲು ಮುಟ್ಟಿದೆ.

ತರಲೆಗಳೂ ಇವೆ. ನಿಂಬೆಹಣ್ಣು, ಮಾವಿನಕಾಯಿ ಕೊಯ್ದರೆ ಅಲಗು ಬೂದು ನೀಲಿಗೆ ತಿರುಗುತ್ತದೆ. ಗಾಬರಿ ಬೇಡ. ಈ ನೀಲಿ ಹುಳಿಯಿಂದ ಬಂದದ್ದು, ಸುಟ್ಟದ್ದಲ್ಲ. ಅದು ಕೂತಷ್ಟೂ ತುಕ್ಕು ಕಡಿಮೆ. ಕಿತ್ತಳೆ ಬಣ್ಣ ಕಂಡರೆ ಮಾತ್ರ ಅದು ತುಕ್ಕು, ತಕ್ಷಣ ಉಜ್ಜಿ ಒಂದು ಹನಿ ಎಣ್ಣೆ ಸವರಿ. ಮಳೆಗಾಲದಲ್ಲಿ ಹಿಡಿಯ ಮರ ಉಬ್ಬಿಕೊಂಡು ಚಾಕು ಬಿಚ್ಚೋಕೇ ಆಗಲ್ಲ. ಉಗುರು ಕಿತ್ತು ಬರುತ್ತೆ. ಅದಕ್ಕೆ ಸವೋಯಿನವರದ್ದೇ ಉಪಾಯ ಇದೆ. ಉಂಗುರ ಬಿಡಿಸಿ, ಹಿಡಿಯ ಹಿಂತುದಿಯನ್ನು ಮೇಜಿಗೆ ಕುಟ್ಟಿ, ಅಲಗು ತಾನಾಗೇ ಒಂಚೂರು ಈಚೆ ಬರುತ್ತದೆ. ಕಲ್ಲುಬೆಂಚಿಗೆ ಕುಟ್ಟಬೇಡಿ, ಮರ ಸೀಳುತ್ತೆ. ತೊಗಲಿನ ಚೀಲದಲ್ಲಿ ಹಾಕಿ ಬೀರುವಿನಲ್ಲಿ ಇಟ್ಟುಬಿಡಬೇಡಿ, ತೊಗಲು ತೇವ ಹಿಡಿದುಕೊಳ್ಳುತ್ತದೆ.

ಸ್ವಿಸ್ ಚಾಕು ತಗೋ ಅಂತ ಹೇಳುವವರು ಸಿಗುತ್ತಾರೆ. ವಿಕ್ಟೋರಿನಾಕ್ಸ್‌ನ ಮೇಲೆ ನನಗೂ ಪ್ರೀತಿ ಇದೆ. 1891ರಿಂದ ಸ್ವಿಸ್ ಸೈನ್ಯಕ್ಕೆ ಕೊಟ್ಟುಕೊಂಡು ಬಂದವರು, ಅದರ ಉಕ್ಕೂ ಮಸೆಯೋಕೆ ಸಲೀಸು. ಆದರೆ ಅದನ್ನು ಕೊಂಡವರು ಚಾಕುವಿಗಿಂತ ಜಾಸ್ತಿ ಬಾಟಲ್ ಓಪನರ್ ಬಳಸುತ್ತಾರೆ. ನನ್ನನ್ನೂ ಸೇರಿಸಿ. ಅಮೆರಿಕದ ಮಡಚುವ ಚಾಕು ಬಕ್ 110 ತಗೋ ಅಂದವರಿಗೆ ಒಂದೇ ಮಾತು: ಹಿತ್ತಾಳೆ ಹಾಕಿದ 200 ಗ್ರಾಂ ಭಾರ, ಪಂಚೆ ಉಟ್ಟುಕೊಂಡು ಎಲ್ಲಿ ಸಿಕ್ಕಿಸಿಕೊಳ್ಳುತ್ತೀರಿ?

ಎಸ್30ವಿ ಬೇಡವೇ ಬೇಡ ಅಂತಲ್ಲ. ಒಪಿನೆಲ್ ಮಸೆದು ಕೈ ಕುದುರಲಿ. ಮಿಕ್ಕ ದುಡ್ಡಿನಲ್ಲಿ ಒಂದು ಒಳ್ಳೆ ಡೈಮಂಡ್ ಪ್ಲೇಟ್ ಮೊದಲು, ಆಮೇಲೆ ಆ ಚಾಕು. ಮೋಟರ್ ಚಕ್ರದ ಹತ್ತಿರ ಮಾತ್ರ ಯಾವುದನ್ನೂ ಒಯ್ಯಬೇಡಿ.

ಕಾನೂನಿನ ಬಗ್ಗೆಯೂ ಕೇಳಿದ್ದೀರಿ. ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಗೆ ಬರೋದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು, ಅದೂ ಮನೆಗೆಲಸಕ್ಕೆ, ವ್ಯವಸಾಯಕ್ಕೆ ಅಂತ ಮಾಡಿದ್ದನ್ನು ಬಿಟ್ಟು. ಎಂಟೂವರೆ ಸೆಂಟಿಮೀಟರ್ ಅದರ ಅರ್ಧವೂ ಆಗಲ್ಲ. ಹಾಗಂತ ನಿಷೇಧಾಜ್ಞೆ ಇರುವಾಗ, ಮೆರವಣಿಗೆ, ದಸರಾ ಜನಜಂಗುಳಿಯಲ್ಲಿ ಜೇಬಿನಲ್ಲಿಟ್ಟುಕೊಂಡು ಓಡಾಡಬೇಡಿ. ಪೊಲೀಸರು ಸ್ಕೇಲ್ ಹಿಡಿದು ಅಳೆಯುತ್ತಾ ಕೂರಲ್ಲ. ವಿಮಾನ ಹತ್ತುವುದಾದರೆ ಮೈಸೂರಿನ ಮಂಡಕಳ್ಳಿಯಿಂದಾಗಲಿ ಬೆಂಗಳೂರಿನಿಂದಾಗಲಿ ಕೈಚೀಲದಲ್ಲಿ ಬೇಡ, ಚೆಕ್-ಇನ್ ಬ್ಯಾಗಿಗೆ ಹಾಕಿ.