ಬಿಆರ್‌ಟಿಎಸ್ ಮನವಿ ‘ರಸ್ತೆ ಕಿರಿದು’ ಎಂದು ಮರಳಿದ್ದರೆ

ಕಲಬುರಗಿಯ ಕೇಂದ್ರ ಬಸ್ ನಿಲ್ದಾಣದಿಂದ ಸೂಪರ್ ಮಾರ್ಕೆಟ್‌ವರೆಗೆ ಬಿಆರ್‌ಟಿಎಸ್ (ಬಸ್ಸಿಗೇ ಪ್ರತ್ಯೇಕ ಪಥವಿರುವ ತ್ವರಿತ ಬಸ್ ಸಾರಿಗೆ) ಕೋರಿದ ನಿಮ್ಮ ಮನವಿಯು ‘ರಸ್ತೆ ಕಿರಿದು’ ಎಂಬ ಷರಾದೊಂದಿಗೆ ಮರಳಲು ಕಾರಣ, ಬಹುಶಃ, ಉದ್ದಕ್ಕೂ ಪ್ರತ್ಯೇಕ ಪಥವನ್ನೇ ಕೇಳಿರುವುದು. ನಮ್ಮ ಬಡಾವಣೆಯ ಮನವಿಗೂ ಇದೇ ಉತ್ತರ ಬಂದಿತ್ತು.

ಮೊದಲು, ಅಂಗಡಿಗಳು ತೆರೆಯುವ ಮುನ್ನವೇ ಹೋಗಿ, ರಸ್ತೆಯ ಅತಿ ಕಿರಿದಾದ ಜಾಗವನ್ನು ಟೇಪ್ ಹಿಡಿದು ಗೋಡೆಯಿಂದ ಗೋಡೆಗೆ ಅಳೆಯಿರಿ. ಚರಂಡಿಯ ಮೇಲಿನ ಕಲ್ಲುಹಾಸು, ತಳ್ಳುಗಾಡಿ ಮತ್ತು ಆಟೋಗಳು ನಿಲ್ಲುವ ಜಾಗವನ್ನು ಬೇರೆಯಾಗಿಯೇ ಬರೆದುಕೊಳ್ಳಿ. ಒಂದು ಬಸ್ ಪಥಕ್ಕೆ ಸುಮಾರು 3.5 ಮೀಟರ್ ಬೇಕು. ಎರಡು ಪಥ ಹಾಗೂ ನಡುವಿನ ನಿಲ್ದಾಣ ಸೇರಿದರೆ 10 ಮೀಟರ್ ದಾಟುತ್ತದೆ, ಉಳಿದ ವಾಹನಗಳಿಗೂ ನಡೆಯುವವರಿಗೂ ಬೇಕಾದ ಜಾಗ ಅದರ ಮೇಲೆ. ಸುಮಾರು 22 ಕಿ.ಮೀ. ಉದ್ದದ ಹುಬ್ಬಳ್ಳಿ–ಧಾರವಾಡ ಬಿಆರ್‌ಟಿಎಸ್ ಮಾರ್ಗಕ್ಕೂ ರಸ್ತೆಯನ್ನು ಅಗಲಿಸಲೇಬೇಕಾಯಿತು.

ಬಳಿಕ ಬೆಳಿಗ್ಗೆ 9ರಿಂದ 10ರವರೆಗೆ ವಾಹನಗಳನ್ನಲ್ಲ, ಅವುಗಳಲ್ಲಿರುವ ಜನರನ್ನು ಎಣಿಸಿ. ತುಂಬಿದ ಒಂದು ಬಸ್ಸು ಎಷ್ಟು ಬೈಕುಗಳ ಜಾಗವನ್ನು ಉಳಿಸುತ್ತದೆ ಎಂಬುದನ್ನು ಅಧಿಕಾರಿಗಳ ಮುಂದೆ ಅಂಕಿಯಲ್ಲಿ ಇಡಲು ಇದಕ್ಕಿಂತ ಬಲವಾದ ಆಧಾರವಿಲ್ಲ.

ಅಗಲ ಸಾಲದ ಕಡೆ ಬಿಡಿ ಸುಧಾರಣೆಗಳನ್ನು ಕೇಳಿ: ಸಿಗ್ನಲ್‌ಗೆ ಮುನ್ನ ಬಸ್ಸಿಗಷ್ಟೇ ಮೀಸಲಾದ ಚಿಕ್ಕ ಪಥ, ಹತ್ತುವ ಮೊದಲೇ ಟಿಕೆಟ್, ಬಸ್ಸಿನ ಬಾಗಿಲಿನ ಮಟ್ಟಕ್ಕೆ ಸಮನಾದ ಕಟ್ಟೆ ಮತ್ತು, ನಮ್ಮ ಬಿಸಿಲಿನಲ್ಲಿ ಇದು ಅಲಂಕಾರವಲ್ಲ, ನೆರಳು. ವರ್ತುಲ ರಸ್ತೆಯಲ್ಲಿ ಅಳತೆ ಒಪ್ಪಿದರೆ ಪೂರ್ಣ ಪಥದ ಬೇಡಿಕೆಯನ್ನು ಅಲ್ಲಿಗೆ ಸ್ಥಳಾಂತರಿಸಬಹುದು.

ಅಳತೆಯ ನಕ್ಷೆ ಮತ್ತು ಎಣಿಕೆಯನ್ನು ಲಗತ್ತಿಸಿ, ಮಹಾನಗರ ಪಾಲಿಕೆ ಹಾಗೂ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ ಎರಡಕ್ಕೂ ಒಂದೇ ದಿನ ಸಲ್ಲಿಸಿ, ಸ್ವೀಕೃತಿ ಪಡೆಯಿರಿ.